ಬೇತಾಳ ಕಥೆಗಳೂ ರಟ್ಟುಕಟ್ಟಿನ ಸಂಪುಟಗಳೂ: ಅಲೌಕಿಕ ಚಿತ್ರಕಥೆಗಳ ಸಂಗ್ರಹವನ್ನು ಕುರಿತು ಒಂದು ವಿಚಾರ

೧

ಭೂತ, ಪ್ರೇತ, ಬೇತಾಳ, ಯಕ್ಷ, ಮಾಂತ್ರಿಕ ಮೊದಲಾದವರ ಅಲೌಕಿಕ ವೃತ್ತಾಂತಗಳನ್ನು ಚಿತ್ರಗಳ ಸಹಾಯದಿಂದ ನಿರೂಪಿಸುವ ಪದ್ಧತಿಯು ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ಇಪ್ಪತ್ತನೆಯ ಶತಮಾನದಲ್ಲಿ ಇಂಥ ಕಥೆಗಳು ಅಗ್ಗದ ಕಾಗದದ ಮೇಲೆ ಅಚ್ಚಾಗುತ್ತಿದ್ದ ಮಾಸಪತ್ರಿಕೆಗಳಲ್ಲಿಯೂ ಕಾಮಿಕ್ಸ್ ಎಂದು ಕರೆಯಲ್ಪಡುವ ಚಿತ್ರಕಥಾ ಪುಸ್ತಿಕೆಗಳಲ್ಲಿಯೂ ಹೊರಬಂದವು. ಓದಿದ ಮೇಲೆ ಬಹುಪಾಲು ಹರಿದುಹೋದವು. ಉಳಿದವುಗಳಲ್ಲಿ ಕೆಲವು, ದಶಕಗಳ ತರುವಾಯ, ದೊಡ್ಡ ಆಕಾರದ ಗಟ್ಟಿ ರಟ್ಟಿನ ಸಂಪುಟಗಳಾಗಿ ಮತ್ತೆ ವಾಚಕರ ಕೈಸೇರಿವೆ. ಇಂಥ ಸಂಪುಟಗಳನ್ನು ಅರಸಿ ಕೂಡಿಡುವ ಹವ್ಯಾಸವು ಈಗ ಲೋಕದ ಹಲವು ಕಡೆಗಳಲ್ಲಿ ಬೆಳೆದಿದೆ. ಇದು ಕೇವಲ ವಿನೋದ, ಇತಿಹಾಸದ ವಿದ್ಯಾರ್ಥಿಗೆ ಇದರಿಂದ ಪ್ರಯೋಜನವೇನು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಪ್ರಕೃತ ಲೇಖನದಲ್ಲಿ ನಾವು ಪ್ರತಿಪಾದಿಸಬೇಕೆಂದಿರುವುದು ಇಷ್ಟು. ಅಲೌಕಿಕ ಕಥೆಗಳು ಉಳಿದುಬಂದಿರುವುದು ಮುಖ್ಯವಾಗಿ ಅವುಗಳನ್ನು ಓದಿ ಸಂತೋಷಪಟ್ಟವರ ಆದರದಿಂದ. ಪಂಡಿತರ ಮನ್ನಣೆಯು ಅನೇಕ ವೇಳೆ ತಡವಾಗಿ ದೊರೆತಿದೆ. ಆದರೆ ಅವು ಯಾವ ರೂಪದಲ್ಲಿ ಉಳಿಯುತ್ತವೆಯೋ ಆ ರೂಪವೇ ಮುಂದಿನ ಇತಿಹಾಸಕಾರನಿಗೆ ಏನು ಗೋಚರವಾಗಬೇಕು, ಏನು ಮರೆಯಾಗಬೇಕು ಎಂಬುದನ್ನು ನಿರ್ಣಯಿಸುತ್ತದೆ. ಆದಕಾರಣ ಸಂಗ್ರಹದ ರೀತಿಯನ್ನು ಕುರಿತು ನಾವು ಈಗಲೇ ವಿಚಾರ ಮಾಡುವುದು ಅವಶ್ಯಕವಾಗಿದೆ. ಈ ವಿಚಾರಕ್ಕೆ ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ ಮತ್ತು ಚಿಂಚೋಳಿಗಳ ಸೀಮೆಯನ್ನು ಕ್ಷೇತ್ರವನ್ನಾಗಿ ಆರಿಸಿಕೊಂಡಿದ್ದೇವೆ. ಚಿತ್ರ, ಕಥೆ, ಅದ್ಭುತ ಈ ಮೂರೂ ಇಲ್ಲಿ ಎರಡು ಸಾವಿರ ವರ್ಷಗಳಷ್ಟು ಹಿಂದಿನಿಂದ ಒಂದರೊಡನೊಂದು ಹೆಣೆದುಕೊಂಡಿರುವುದೇ ಅದಕ್ಕೆ ಕಾರಣ.

೨

ಭಾರತೀಯ ಅದ್ಭುತ ಕಥೆಗಳ ಮೂಲವೆಂದು ವಿದ್ವಾಂಸರು ಎಣಿಸುವ ಗ್ರಂಥ ಗುಣಾಢ್ಯನ ಬೃಹತ್ಕಥೆ. ಅದು ಪೈಶಾಚೀ ಭಾಷೆಯಲ್ಲಿ ರಚಿತವಾಗಿತ್ತೆಂದು ಪ್ರತೀತಿ. ಮೂಲಗ್ರಂಥವು ಈಗ ದೊರೆಯುವುದಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ಬೃಹತ್ಕಥಾಮಂಜರಿಯಲ್ಲಿಯೂ ಸೋಮದೇವನು ಕಥಾಸರಿತ್ಸಾಗರದಲ್ಲಿಯೂ ಅದರ ಸಾರವನ್ನು ಸಂಸ್ಕೃತದಲ್ಲಿ ಸಂಗ್ರಹಿಸಿದರು. ಕರ್ನಾಟಕಕ್ಕೆ ಈ ಕೃತಿಯ ಪರಿಚಯ ಇನ್ನೂ ಹಿಂದಿನದು. ಗಂಗರಾಜನಾದ ದುರ್ವಿನೀತನು ವಡ್ಡಕಥೆಯನ್ನು ದೇವಭಾಷೆಗೆ ತಂದನೆಂದು ಗುಮ್ಮರೆಡ್ಡಿಪುರದ ತಾಮ್ರಶಾಸನವು ಹೇಳುತ್ತದೆ.

ಕಥಾಸರಿತ್ಸಾಗರದ ಆದಿಯಲ್ಲಿ ಬರುವ ಗುಣಾಢ್ಯನ ವೃತ್ತಾಂತವು ನಮ್ಮ ವಿಷಯಕ್ಕೆ ಅತ್ಯಂತ ಸಮೀಪವಾದುದು. ಗುಣಾಢ್ಯನು ಏಳು ಲಕ್ಷ ಶ್ಲೋಕಗಳ ಕಥೆಯನ್ನು ಕಾಡಿನಲ್ಲಿ ತನ್ನ ರಕ್ತದಿಂದಲೇ ಬರೆದು, ಶಿಷ್ಯರ ಕೈಯಲ್ಲಿ ಸಾತವಾಹನ ದೊರೆಯ ಆಸ್ಥಾನಕ್ಕೆ ಕಳುಹಿಸಿದನು. ಭಾಷೆ ಪಿಶಾಚರದು, ಅಕ್ಷರ ರಕ್ತದ್ದು ಎಂಬ ಕಾರಣದಿಂದ ದೊರೆಯು ಅದನ್ನು ತಿರಸ್ಕರಿಸಿದನು. ಮನನೊಂದ ಕವಿಯು ಅಗ್ನಿಕುಂಡವನ್ನು ಹೊತ್ತಿಸಿ, ಒಂದೊಂದೇ ಪತ್ರವನ್ನು ಕಾಡಿನ ಮೃಗಪಕ್ಷಿಗಳಿಗೆ ಓದಿ ಹೇಳಿ ಬೆಂಕಿಗೆ ಹಾಕತೊಡಗಿದನು. ಮೃಗಗಳು ಮೇವನ್ನು ಬಿಟ್ಟು ಕಣ್ಣೀರಿಡುತ್ತ ಕೇಳುತ್ತಿದ್ದುದರಿಂದ ಅರಮನೆಗೆ ಬರುವ ಮಾಂಸವು ಒಣಗಿಹೋಯಿತು. ಕಾರಣವನ್ನು ಶೋಧಿಸಿಕೊಂಡು ದೊರೆಯು ಕಾಡಿಗೆ ಬರುವಷ್ಟರಲ್ಲಿ ಆರು ಲಕ್ಷ ಶ್ಲೋಕಗಳು ಬೂದಿಯಾಗಿದ್ದವು. ಉಳಿದುದು ಒಂದು ಲಕ್ಷ, ನರವಾಹನದತ್ತನ ಕಥೆ. ಅದನ್ನಾದರೂ ಉಳಿಸಿಕೊಟ್ಟವರು ಗುಣಾಢ್ಯನ ಶಿಷ್ಯರು; ಆ ಭಾಗವು ಅವರಿಗೆ ಬಹಳ ಪ್ರಿಯವಾಗಿತ್ತು.

ಇದು ಐತಿಹ್ಯವೆಂಬುದು ಸ್ಪಷ್ಟವೇ. ಹಾಗಿದ್ದರೂ ಕಥೆಗಳು ಹೇಗೆ ನಷ್ಟವಾಗುತ್ತವೆ, ಹೇಗೆ ಉಳಿಯುತ್ತವೆ ಎಂಬ ವಿಷಯದಲ್ಲಿ ಪ್ರಾಚೀನರಿಗಿದ್ದ ತಿಳಿವಳಿಕೆ ಇದರಲ್ಲಿ ವ್ಯಕ್ತವಾಗಿದೆ. ಬೇತಾಳನ ಇಪ್ಪತ್ತೈದು ಕಥೆಗಳೂ ಕಥಾಸರಿತ್ಸಾಗರದಲ್ಲಿ ಅಂತರ್ಗತವಾಗಿವೆ. ಶ್ಮಶಾನದ ಮರದಲ್ಲಿ ತೂಗುವ ಶವವನ್ನು ಹೊತ್ತು ನಡೆಯುವ ದೊರೆಯನ್ನು ಅಲ್ಲಿ ತ್ರಿವಿಕ್ರಮಸೇನನೆಂದು ಕರೆದಿದೆ. ಆತನ ರಾಜಧಾನಿ ಗೋದಾವರೀ ತೀರದ ಪ್ರತಿಷ್ಠಾನ, ಅಂದರೆ ಇಂದಿನ ಪೈಠಣ. ಅದೇ ಸಾತವಾಹನರ ರಾಜಧಾನಿ. ಉಜ್ಜಯಿನಿಯ ವಿಕ್ರಮಾದಿತ್ಯನ ಹೆಸರಿನೊಡನೆ ನಮ್ಮ ಜನರು ಬಲ್ಲ ಈ ಕಥೆಯು ಒಂದು ಕಾಲಕ್ಕೆ ದಖ್ಖನದ ದೊರೆಯ ಕಥೆಯಾಗಿ ಪ್ರಚಲಿತವಾಗಿತ್ತು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ಗಮನಿಸಬೇಕು.

೩

ಸಾತವಾಹನರ ಕಾಲದ ಚಿತ್ರಕಥೆಗಳನ್ನು ಕಣ್ಣಾರೆ ನೋಡಬೇಕಾದರೆ ಚಿತ್ತಾಪುರ ತಾಲ್ಲೂಕಿನಲ್ಲಿ ಭೀಮಾನದಿಯ ದಡದಲ್ಲಿರುವ ಸನ್ನತಿಗೂ ಅದರ ಸಮೀಪದ ಕನಗನಹಳ್ಳಿಗೂ ಹೋಗಬೇಕು. ೧೯೯೦ರ ದಶಕದಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯು ಕನಗನಹಳ್ಳಿಯಲ್ಲಿ ನಡೆಸಿದ ಉತ್ಖನನದಲ್ಲಿ ಒಂದು ಮಹಾಸ್ತೂಪದ ಅವಶೇಷಗಳು ಬೆಳಕಿಗೆ ಬಂದವು. ಶಾಸನಗಳಲ್ಲಿ ಅದಕ್ಕೆ ಅಧೋಲೋಕ ಮಹಾಚೈತ್ಯವೆಂಬ ಹೆಸರಿದೆ. ಸ್ತೂಪಕ್ಕೆ ಹೊದಿಸಿದ್ದ ಸುಣ್ಣಕಲ್ಲಿನ ದೊಡ್ಡ ಫಲಕಗಳ ಮೇಲೆ ಬುದ್ಧನ ಜೀವನದ ಘಟನೆಗಳು, ಜಾತಕ ಕಥೆಗಳು, ನಾಗರು, ಯಕ್ಷರು, ಸಾತವಾಹನ ದೊರೆಗಳು ಕೆತ್ತಲ್ಪಟ್ಟಿದ್ದಾರೆ. ಅನೇಕ ಫಲಕಗಳಲ್ಲಿ ದೃಶ್ಯಗಳು ಮೇಲೆ ಒಂದು, ಕೆಳಗೆ ಒಂದು ಎಂಬಂತೆ ಎರಡು ಅಂಕಣಗಳಲ್ಲಿ ಹಂಚಿಹೋಗಿವೆ. ದೃಶ್ಯವೇನೆಂಬುದನ್ನು ಬ್ರಾಹ್ಮೀ ಲಿಪಿಯ ಪ್ರಾಕೃತ ಬರಹವು ಸೂಚಿಸುತ್ತದೆ. ರಾಯ ಅಶೋಕ ಎಂಬ ಹೆಸರನ್ನು ಹೊತ್ತ ಶಿಲ್ಪವು ಲೋಕಪ್ರಸಿದ್ಧವಾಗಿದೆ. ಪುಳುಮಾವಿಯು ಉಜ್ಜಯಿನಿಯನ್ನು ಒಪ್ಪಿಸಿಕೊಡುತ್ತಿರುವುದಾಗಿ ಹೇಳುವ ಬರಹವುಳ್ಳ ಫಲಕವೂ ಇಲ್ಲಿಯೇ ಇದೆ.

ಅಂಕಣಗಳಾಗಿ ವಿಭಜಿತವಾದ ದೃಶ್ಯ, ಅದಕ್ಕೆ ಹೊಂದಿಕೊಂಡ ಚಿಕ್ಕ ಬರಹ, ಒಂದರಿಂದ ಇನ್ನೊಂದಕ್ಕೆ ಸಾಗುವ ನೋಡುಗನ ಕಣ್ಣು: ಆಧುನಿಕ ಚಿತ್ರಕಥೆಯ ಮುಖ್ಯಾಂಗಗಳು ಇವೇ ಆಗಿವೆ. ಹೀಗೆಂದು ಕನಗನಹಳ್ಳಿಯ ಶಿಲ್ಪಿಯನ್ನು ಕಾಮಿಕ್ಸಿನ ಮೂಲಪುರುಷನೆಂದು ಸಾರುವುದು ನಮ್ಮ ಉದ್ದೇಶವಲ್ಲ. ಅಲ್ಲಿಂದ ಇಲ್ಲಿಗೆ ನೇರವಾದ ವಂಶಾವಳಿಯನ್ನು ಎಳೆಯುವುದು ಶಾಸ್ತ್ರೀಯವಾಗದು. ಸಾದೃಶ್ಯವಿರುವುದು ಕಾರ್ಯದಲ್ಲಿ. ಅಲ್ಲಿ ಭಕ್ತನು ಪ್ರದಕ್ಷಿಣೆ ಬರುತ್ತ ಕಥೆಯನ್ನು ಓದಿಕೊಳ್ಳುತ್ತಿದ್ದನು. ಇಲ್ಲಿ ವಾಚಕನು ಪುಟಗಳನ್ನು ತಿರುವುತ್ತಾನೆ.

ಸನ್ನತಿಯಿಂದ ಕಲಿಯಬೇಕಾದ ಮತ್ತೊಂದು ಪಾಠವಿದೆ. ೧೯೮೬ರಲ್ಲಿ ಅಲ್ಲಿಯ ಚಂದ್ರಲಾಂಬಾ ದೇವಾಲಯದ ಆವರಣದಲ್ಲಿರುವ ಕಾಳಿಯ ಗುಡಿಯ ಮಾಳಿಗೆ ಕುಸಿದಾಗ ಅಶೋಕನ ಶಾಸನವೊಂದು ಪತ್ತೆಯಾಯಿತು. ಆ ಶಾಸನಶಿಲೆಯು ಯಾವುದೋ ಕಾಲದಲ್ಲಿ ದೇವಿಯ ವಿಗ್ರಹದ ಪೀಠವಾಗಿ ಉಪಯೋಗಿಸಲ್ಪಟ್ಟಿತ್ತು. ವಿಗ್ರಹವನ್ನು ನಿಲ್ಲಿಸಲು ನಡುವೆ ಕೊರೆದ ರಂಧ್ರದಲ್ಲಿ ಕೆಲವು ಅಕ್ಷರಗಳು ನಷ್ಟವಾದವು. ಪೀಠ ಮಾಡಿದವರಿಗೆ ಶಾಸನದ ಮೇಲೆ ದ್ವೇಷವೇನೂ ಇದ್ದಿರಲಾರದು. ಅವರಿಗೆ ಅದು ಒಳ್ಳೆಯ ಅಳತೆಯ ಕಲ್ಲಾಗಿ ಕಂಡಿತು. ವಸ್ತುವಿನ ಬರಹವು ಓದುವವರಿಲ್ಲದೆ ಹೋದಾಗ ವಸ್ತುವು ಬೇರೆ ಕೆಲಸಕ್ಕೆ ಬರುತ್ತದೆ. ಹಳೆಯ ಚಿತ್ರಕಥಾ ಪತ್ರಿಕೆಯ ಹಾಳೆಯು ಕಿರಾಣಿ ಅಂಗಡಿಯ ಪೊಟ್ಟಣವಾಗುವುದೂ ಇದೇ ಕ್ರಮದಿಂದ.

೪

ಸನ್ನತಿಯಿಂದ ಕಾಗಿಣಾ ತೀರದ ಮಳಖೇಡಕ್ಕೆ ಬಂದರೆ ಸುಮಾರು ಏಳೆಂಟು ಶತಮಾನಗಳನ್ನು ದಾಟಿದಂತಾಗುತ್ತದೆ. ಸೇಡಂ ತಾಲ್ಲೂಕಿನ ಈ ಊರೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ. ಕವಿರಾಜಮಾರ್ಗದಿಂದಾಗಿ ಈ ಸ್ಥಳವು ಕನ್ನಡಿಗರೆಲ್ಲರಿಗೂ ಪರಿಚಿತವಾಗಿದೆ. ಅಷ್ಟು ಪರಿಚಿತವಲ್ಲದ ಸಂಗತಿಯೆಂದರೆ, ಹತ್ತನೆಯ ಶತಮಾನದಲ್ಲಿ ಅಪಭ್ರಂಶ ಕವಿಯಾದ ಪುಷ್ಪದಂತನು ತನ್ನ ಜಸಹರಚರಿಉ ಎಂಬ ಕಾವ್ಯವನ್ನು ಇಲ್ಲಿಯೇ ರಚಿಸಿದನು. ಕನ್ನಡದಲ್ಲಿ ಜನ್ನನು ೧೨೦೯ರಲ್ಲಿ ಬರೆದ ಯಶೋಧರ ಚರಿತೆಯ ವಸ್ತುವೂ ಅದೇ. ಚಂಡಮಾರಿಯ ಗುಡಿ, ನರಬಲಿಯ ಸಿದ್ಧತೆ, ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಪಾಪಕ್ಕಾಗಿ ತಾಯಿಮಕ್ಕಳು ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ತೊಳಲುವುದು: ಭಯಾನಕ ಬೀಭತ್ಸಗಳಿಗೆ ಇದಕ್ಕಿಂತ ಮಿಗಿಲಾದ ಸಾಮಗ್ರಿಯನ್ನು ಆಧುನಿಕ ಚಿತ್ರಕಥೆಗಾರನೂ ಕಲ್ಪಿಸಲಾರನು. ಈ ಕಥೆಯು ಉತ್ತರ ಹಾಗೂ ಪಶ್ಚಿಮ ಭಾರತದ ಜೈನರಲ್ಲಿ ಹದಿನೈದನೆಯ ಶತಮಾನದಿಂದೀಚೆಗೆ ಚಿತ್ರಸಹಿತ ಹಸ್ತಪ್ರತಿಗಳ ರೂಪದಲ್ಲಿ ಪ್ರಸಾರವಾಯಿತು. ಇಂಥ ಪ್ರತಿಗಳನ್ನು ಬರೆಯಿಸಿ ಭಂಡಾರಗಳಿಗೆ ದಾನಮಾಡುವುದು ಪುಣ್ಯಕಾರ್ಯವೆಂದು ಗಣಿಸಲ್ಪಟ್ಟಿದ್ದರಿಂದಲೇ ಅವು ಉಳಿದವು.

ಚಿಂಚೋಳಿಯಿಂದ ದೂರವಲ್ಲದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಚಿತ್ರಕಥಕನನ್ನು, ಎಂದರೆ ಬಣ್ಣದ ಚಿತ್ರಗಳನ್ನು ತೋರಿಸುತ್ತ ಕಥೆ ಹೇಳುವವನನ್ನು, ಹೆಸರಿಸಿದ್ದಾನೆ. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿಯೇ ಈ ವೃತ್ತಿಯು ಆಸ್ಥಾನದ ಗಮನಕ್ಕೆ ಬಂದಿತ್ತೆಂಬುದಕ್ಕೆ ಇದು ಸಾಕ್ಷಿ. ಬಿಡಿ ಹಾಳೆಗಳ ಚಿತ್ರಗಳನ್ನು ತೋರಿಸಿ ಕಥೆ ಹೇಳುವ ಚಿತ್ರಕಥಿಗಳ ಪರಂಪರೆ ದಖ್ಖನದಲ್ಲಿ ಬಹುಕಾಲ ಬಾಳಿತು. ಅವರ ಚಿತ್ರಗಳಲ್ಲಿ ಒಂದು ಬಗೆಗೆ ಪೈಠಣ ಚಿತ್ರಗಳೆಂದೇ ಹೆಸರಾಗಿದೆ.

ಮುಂದೆ ಈ ಸೀಮೆಯಲ್ಲಿ ಉರ್ದೂ ಭಾಷೆಯ ಪ್ರಭಾವವು ಹೆಚ್ಚಿತು. ೧೯೪೮ರ ವರೆಗೆ ಇದು ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಉರ್ದೂ ಸಾಹಿತ್ಯದ ಅದ್ಭುತ ಕಥೆಗಳಲ್ಲಿ ಅಮೀರ್ ಹಮ್ಜಾನ ದಾಸ್ತಾನು ಅಗ್ರಗಣ್ಯವಾದುದು. ಮಾಂತ್ರಿಕರು, ದೈತ್ಯರು, ಮಾಯಾನಗರಗಳು ಅದರಲ್ಲಿ ತುಂಬಿವೆ. ಅದರ ಒಂದು ಭಾಗವಾದ ತಿಲಿಸ್ಮ್-ಎ-ಹೋಶ್‌ರುಬಾ ಲಖನೌದ ನವಲ್ ಕಿಶೋರ್ ಮುದ್ರಣಾಲಯದಿಂದ ೧೮೮೩ರಿಂದ ಮೊದಲುಗೊಂಡು ಸಂಪುಟಗಳಾಗಿ ಅಚ್ಚಾಯಿತು. ಇದಕ್ಕೆ ಮುನ್ನೂರು ವರ್ಷಗಳ ಹಿಂದೆಯೇ ಅಕ್ಬರನು ಹಮ್ಜಾನ ಕಥೆಗೆ ಸುಮಾರು ೧,೪೦೦ ಚಿತ್ರಗಳನ್ನು ಬರೆಯಿಸಿದ್ದನು. ೧೫೬೨ರ ಸುಮಾರಿಗೆ ಆರಂಭವಾದ ಆ ಕಾರ್ಯಕ್ಕೆ ಹದಿನೈದು ವರ್ಷಗಳಷ್ಟು ಕಾಲ ಹಿಡಿಯಿತು. ಬಟ್ಟೆಯ ಮೇಲೆ ಬರೆದ ಚಿತ್ರಪತ್ರಗಳ ಎತ್ತರ ಸುಮಾರು ೬೭ ಸೆಂಟಿಮೀಟರು, ಅಗಲ ಸುಮಾರು ೫೧ ಸೆಂಟಿಮೀಟರು. ದೊಡ್ಡ ಆಕಾರದ ಅಲೌಕಿಕ ಚಿತ್ರಕಥಾ ಸಂಪುಟವೆಂಬ ಹೆಸರಿಗೆ ಇದಕ್ಕಿಂತ ಯೋಗ್ಯವಾದ ವಸ್ತು ದೊರೆಯಲಾರದು.

ಆ ೧,೪೦೦ರಲ್ಲಿ ಈಗ ಉಳಿದಿರುವುದು ಸುಮಾರು ೨೦೦. ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿರುವ ಪತ್ರಗಳಲ್ಲಿ ಹಲವು ೧೮೮೧ರಲ್ಲಿ ಶ್ರೀನಗರದಲ್ಲಿ ದೊರೆತವು. ಅವು ಅಲ್ಲಿ ಕಿಟಕಿಗಳಿಗೆ ಗಾಳಿ ತಡೆಯಲು ಅಂಟಿಸಲ್ಪಟ್ಟಿದ್ದವು. ಚಕ್ರವರ್ತಿಯ ಗ್ರಂಥವೂ ಸನ್ನತಿಯ ಶಾಸನದ ಪಾಡಿಗೇ ಬಂದಿತು.

೫

ಮುದ್ರಣದ ಯುಗದಲ್ಲಿ ಬೇತಾಳನನ್ನು ದಕ್ಷಿಣ ಭಾರತದ ಮನೆಮನೆಗೆ ತಂದ ಕೀರ್ತಿಯು ಚಂದಮಾಮಕ್ಕೆ ಸಲ್ಲಬೇಕು. ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿಯವರು ಮದರಾಸಿನಲ್ಲಿ ೧೯೪೭ರ ಜುಲೈ ತಿಂಗಳಲ್ಲಿ ತೆಲುಗು ಮತ್ತು ತಮಿಳು ಭಾಷೆಗಳಲ್ಲಿ ಇದನ್ನು ಆರಂಭಿಸಿದರು. ಬಹು ಬೇಗನೆ ಕನ್ನಡದ ಆವೃತ್ತಿಯೂ ಹೊರಟಿತು. ತೆಲುಗಿನ ಹೆಸರಾಂತ ಲೇಖಕ ಕೊಡವಟಿಗಂಟಿ ಕುಟುಂಬರಾವು ಅವರು ೧೯೫೨ರಿಂದ ೧೯೮೦ರ ವರೆಗೆ ಸಂಪಾದಕತ್ವವನ್ನು ನಿರ್ವಹಿಸಿದರು. ಬೇತಾಳನ ಮೂಲ ಕಥೆಗಳು ಇಪ್ಪತ್ತೈದೇ ಆದರೂ, ಅದೇ ಚೌಕಟ್ಟಿನಲ್ಲಿ ಹೊಸ ಹೊಸ ಕಥೆಗಳನ್ನು ಹೊಂದಿಸಿ ಪತ್ರಿಕೆಯು ನೂರಾರು ಬೇತಾಳ ಕಥೆಗಳನ್ನು ಪ್ರಕಟಿಸಿತು. ದಾಸರಿ ಸುಬ್ರಹ್ಮಣ್ಯಂ ಅವರ ಧಾರಾವಾಹಿಗಳು ಮಾಂತ್ರಿಕರ, ರಾಕ್ಷಸರ, ಪಾಳುಗುಡಿಗಳ ಮತ್ತೊಂದು ಲೋಕವನ್ನೇ ನಿರ್ಮಿಸಿದವು.

ಪತ್ರಿಕೆಯ ಆಕರ್ಷಣೆಯಲ್ಲಿ ಚಿತ್ರಕಾರರ ಪಾಲು ಸಾಮಾನ್ಯವಾದುದಲ್ಲ. ಮುಖಪುಟಗಳಿಗಾಗಿ ಎಂ. ಟಿ. ವಿ. ಆಚಾರ್ಯರೂ ಅವರ ತರುವಾಯ ವಡ್ಡಾದಿ ಪಾಪಯ್ಯನವರೂ, ಧಾರಾವಾಹಿಗಳಿಗಾಗಿ ಚಿತ್ರಾ ಎಂಬ ಹೆಸರಿನಿಂದ ಬರೆಯುತ್ತಿದ್ದ ಕಲಾವಿದರೂ ಖ್ಯಾತರಾದರು. ೧೯೨೪ರಲ್ಲಿ ಹುಟ್ಟಿ ೨೦೨೦ರಲ್ಲಿ ನಿಧನರಾದ ಶಂಕರ್ ಅವರು, ಅಂದರೆ ಕೆ. ಸಿ. ಶಿವಶಂಕರನ್ ಅವರು, ಒಂದು ಕೈಯಲ್ಲಿ ಕತ್ತಿ ಹಿಡಿದು ಹೆಗಲಿನ ಮೇಲೆ ಶವವನ್ನು ಹೊತ್ತು ನಡೆಯುವ ವಿಕ್ರಮನ ಚಿತ್ರವನ್ನು ಬರೆದರು. ಬೇತಾಳ ಎಂದೊಡನೆ ದಕ್ಷಿಣದ ಓದುಗರ ಕಣ್ಣಿಗೆ ಕಟ್ಟುವ ಚಿತ್ರ ಅದೇ.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ಚಂದಮಾಮದ ಬೇತಾಳ ಕಥೆಯಲ್ಲಿ ಗದ್ಯವೇ ಮುಖ್ಯ; ಚಿತ್ರವು ಅದಕ್ಕೆ ಸಂಗಾತಿ. ಕಾಮಿಕ್ಸಿನಲ್ಲಿಯಾದರೋ ಕಥೆಯ ನಡೆಯೇ ಚಿತ್ರದ ಅಂಕಣಗಳಲ್ಲಿದೆ. ಎರಡನೆಯ ಬಗೆಯವು ಕನ್ನಡಕ್ಕೆ ೧೯೬೦ರ ದಶಕದಲ್ಲಿ ಬಂದವು. ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯು ೧೯೬೪ರಲ್ಲಿ ಆರಂಭಿಸಿದ ಇಂದ್ರಜಾಲ ಕಾಮಿಕ್ಸ್ ೧೯೯೦ರ ವರೆಗೆ ನಡೆಯಿತು; ಅದಕ್ಕೆ ಕನ್ನಡದ ಆವೃತ್ತಿಯೂ ಇದ್ದಿತು. ಅದರ ಮುಖ್ಯ ನಾಯಕನಾದ ಫ್ಯಾಂಟಮ್ ಎಂಬ ಮುಸುಕಿನ ವೀರನಿಗೆ ಹಿಂದಿಯಲ್ಲಿ ಕೊಟ್ಟ ಹೆಸರು ವೇತಾಳ. ಅಮೆರಿಕದ ಚಿತ್ರಕಥೆಯೂ ಇಲ್ಲಿ ನೆಲೆಯೂರಲು ಹಳೆಯ ಹೆಸರನ್ನೇ ಆಶ್ರಯಿಸಬೇಕಾಯಿತು. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರ ಅಮರ ಚಿತ್ರಕಥಾ ಮಾಲೆಯು ೧೯೬೭ರಲ್ಲಿ ಪ್ರಾರಂಭವಾಯಿತೆಂಬುದು ರೂಢಿಯ ಮಾತು. ಆ ಮಾಲೆಯ ಮೊದಲ ಹತ್ತು ಪುಸ್ತಿಕೆಗಳು ಪಾಶ್ಚಾತ್ಯ ಅದ್ಭುತ ಕಥೆಗಳಾಗಿದ್ದು, ೧೯೬೫ರಲ್ಲಿ ಮೊಟ್ಟಮೊದಲಿಗೆ ಕನ್ನಡದಲ್ಲಿಯೇ ಹೊರಬಂದವೆಂದು ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸಿನ ಕಾರ್ಯ ನೋಡಿಕೊಳ್ಳುತ್ತಿದ್ದ ಜಿ. ಕೆ. ಅನಂತರಾಮ್ ಅವರು ಹೇಳಿರುತ್ತಾರೆ. ಮೊದಲ ಸಂಚಿಕೆಗಳು ಎಲ್ಲರ ಕೈಗೂ ಸಿಗುವಂತೆ ಸಂಗ್ರಹವಾಗಿದ್ದಲ್ಲಿ ಇಂಥ ವಿಷಯಗಳು ವಾದಕ್ಕೆ ಎಡೆಯಾಗುತ್ತಿರಲಿಲ್ಲ.

೬

ಈ ಬಗೆಯ ಸಾಹಿತ್ಯಕ್ಕೆ ವಿರೋಧವೂ ಕಡಿಮೆ ಇರಲಿಲ್ಲ. ಅಮೆರಿಕದಲ್ಲಿ ಇ. ಸಿ. ಎಂಬ ಪ್ರಕಾಶನ ಸಂಸ್ಥೆಯು ೧೯೫೦ರಿಂದ ಟೇಲ್ಸ್ ಫ್ರಮ್ ದಿ ಕ್ರಿಪ್ಟ್ ಮೊದಲಾದ ಮೂರು ಭಯಾನಕ ಚಿತ್ರಕಥಾ ಪತ್ರಿಕೆಗಳನ್ನು ನಡೆಸಿತು. ಪ್ರತಿಯೊಂದು ಪತ್ರಿಕೆಗೂ ಕಥೆ ಹೇಳುವ ಒಬ್ಬ ವಿಕಟ ನಿರೂಪಕನಿದ್ದನು. ಅವರಲ್ಲಿಯೂ ನಮ್ಮ ಬೇತಾಳನಲ್ಲಿಯೂ ಇರುವ ಹೋಲಿಕೆ ಕುತೂಹಲಕರವಾದುದು. ಭಯಪಡಿಸಬೇಕಾದವನೇ ಕಥೆ ಹೇಳುತ್ತಾನೆ, ಕೇಳುಗನನ್ನು ಕೆಣಕುತ್ತಾನೆ, ಕೊನೆಗೆ ನ್ಯಾಯಾನ್ಯಾಯದ ಪ್ರಶ್ನೆಯೊಂದನ್ನು ಅವನ ಮುಂದಿಡುತ್ತಾನೆ. ೧೯೫೪ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮನು ಇಂಥ ಪತ್ರಿಕೆಗಳು ಬಾಲಕರನ್ನು ಕೆಡಿಸುತ್ತವೆಂದು ವಾದಿಸುವ ಗ್ರಂಥವನ್ನು ಪ್ರಕಟಿಸಿದನು. ಅದೇ ವರ್ಷ ಸೆನೆಟ್ ಸಭೆಯ ಉಪಸಮಿತಿಯು ವಿಚಾರಣೆ ನಡೆಸಿತು. ಪ್ರಕಾಶಕರು ತಾವೇ ಮಾಡಿಕೊಂಡ ನಿಯಮಾವಳಿಯ ಪ್ರಕಾರ ಭಯಾನಕವೆಂಬರ್ಥದ ಮಾತು ಶೀರ್ಷಿಕೆಯಲ್ಲಿಯೂ ಬರುವಂತಿರಲಿಲ್ಲ. ಸ್ವಲ್ಪ ಕಾಲದಲ್ಲಿಯೇ ಆ ಮೂರು ಪತ್ರಿಕೆಗಳೂ ನಿಂತುಹೋದವು.

ಈ ಅಲೆಯು ನಮ್ಮ ದೇಶವನ್ನೂ ಮುಟ್ಟಿತು. ಇಂಗ್ಲೆಂಡಿನಲ್ಲಿ ೧೯೫೫ರಲ್ಲಿಯೂ ಭಾರತದಲ್ಲಿ ೧೯೫೬ರಲ್ಲಿಯೂ ತರುಣರಿಗೆ ಹಾನಿಕರವಾದ ಪ್ರಕಟಣೆಗಳನ್ನು ಕುರಿತ ಕಾಯಿದೆಗಳು ಜಾರಿಗೆ ಬಂದವು. ಭಾರತದ ಕಾಯಿದೆಯು ಅಪರಾಧ, ಕ್ರೌರ್ಯ, ಜುಗುಪ್ಸೆ ಅಥವಾ ಭಯ ಹುಟ್ಟಿಸುವ ಘಟನೆಗಳನ್ನು ಚಿತ್ರಗಳ ಮೂಲಕವಾಗಲಿ ಚಿತ್ರಗಳಿಲ್ಲದೆಯಾಗಲಿ ಹೇಳುವ, ಎಳೆಯರ ಮನಸ್ಸನ್ನು ಕೆಡಿಸಬಹುದಾದ ಕಥೆಗಳನ್ನು ಉದ್ದೇಶಿಸಿದ್ದಿತು. ಚಂದಮಾಮದ ಬೇತಾಳನಾದರೋ ಸುಭದ್ರವಾಗಿಯೇ ಉಳಿದನು. ಶವ, ಶ್ಮಶಾನ, ರಾಕ್ಷಸರೆಲ್ಲ ಇದ್ದರೂ ಪ್ರತಿ ಕಥೆಯೂ ಧರ್ಮಜಿಜ್ಞಾಸೆಯಲ್ಲಿ ಮುಗಿಯುತ್ತಿದ್ದುದು ಹಾಗೂ ಪರಂಪರೆಯ ಗೌರವವು ಬೆನ್ನಿಗಿದ್ದುದು ಇದಕ್ಕೆ ಕಾರಣವೆಂದು ನಾವು ಭಾವಿಸುತ್ತೇವೆ. ಅದೇ ೧೯೫೬ರ ನವೆಂಬರ್ ೧ರಂದು ನಮ್ಮ ಐದು ಊರುಗಳು ಹೈದರಾಬಾದು ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿ, ಇಲ್ಲಿಯ ಮಕ್ಕಳಿಗೆ ಕನ್ನಡವು ಆಡಳಿತದ ಮತ್ತು ಶಾಲೆಯ ಭಾಷೆಯಾಗತೊಡಗಿತು. ಪಠ್ಯಪುಸ್ತಕದ ಹೊರಗೆ, ತಮ್ಮ ಇಚ್ಛೆಯಿಂದ ಓದುವ ಕನ್ನಡವು ಆ ಪೀಳಿಗೆಗೆ ಯಾವುದರಿಂದ ದೊರೆಯಿತೆಂಬುದು ನಮ್ಮ ಪ್ರದೇಶದ ಸಾಂಸ್ಕೃತಿಕ ಇತಿಹಾಸದಲ್ಲಿ ಅಲ್ಪವಾದ ಪ್ರಶ್ನೆಯಲ್ಲ.

ಅಮೆರಿಕದಲ್ಲಿ ನಿಂತುಹೋದ ಪತ್ರಿಕೆಗಳ ಕಥೆ ಅಲ್ಲಿಗೇ ಮುಗಿಯಲಿಲ್ಲ. ಪ್ರಕಾಶಕನಾದ ವಿಲಿಯಂ ಗೇನ್ಸನು ಕಲಾವಿದರ ಮೂಲ ಚಿತ್ರಗಳನ್ನು ಜೋಪಾನವಾಗಿ ಕಾಯ್ದಿರಿಸಿದ್ದನು. ಅವುಗಳ ಆಧಾರದಿಂದ ರಸ್ ಕಾಕ್ರನ್ ಎಂಬ ಸಂಗ್ರಾಹಕನು ೧೯೭೦ರ ದಶಕದ ಕೊನೆಯಿಂದ ಸಮಗ್ರ ಸಂಪುಟಗಳನ್ನು ದೊಡ್ಡ ಆಕಾರದಲ್ಲಿ, ರಟ್ಟುಕಟ್ಟಿನಲ್ಲಿ, ಕಪ್ಪುಬಿಳುಪಿನಲ್ಲಿ ಹೊರತಂದನು. ೨೦೦೬ರಿಂದ ಅವೇ ಕಥೆಗಳು ಹೊಸದಾಗಿ ಬಣ್ಣ ಹಾಕಿದ ಸಂಪುಟಗಳಾಗಿ ಬರತೊಡಗಿದವು. ನಿಯಮಾವಳಿಯ ಹಿಡಿತಕ್ಕೆ ಸಿಕ್ಕದಂತೆ ೧೯೬೪ರಲ್ಲಿ ದೊಡ್ಡ ಪತ್ರಿಕೆಯ ಆಕಾರದಲ್ಲಿ ಹುಟ್ಟಿದ ಕ್ರೀಪಿ ಎಂಬ ಮಾಲೆಗೂ ೨೦೦೮ರಿಂದ ಅದೇ ಭಾಗ್ಯ ದೊರೆಯಿತು. ಒಂದು ಕಾಲದಲ್ಲಿ ಸೆನೆಟ್ ಸಭೆಯ ಮುಂದೆ ಆಪಾದನೆಗೊಳಗಾದ ಕಾಗದವು ಈಗ ಗ್ರಂಥಾಲಯದ ಕಪಾಟಿನಲ್ಲಿ ಗೌರವದಿಂದ ಕುಳಿತಿದೆ. ಇದನ್ನು ಸಾಧಿಸಿದವರು ಬಾಲ್ಯದಲ್ಲಿ ಆ ಪತ್ರಿಕೆಗಳನ್ನು ಓದಿ ಸುಖಿಸಿದ್ದ ವಾಚಕರೇ.

೭

ದೊಡ್ಡ ಆಕಾರದ ಸಂಪುಟದಿಂದ ಆಗುವ ಲಾಭಗಳು ಸ್ಪಷ್ಟವಾಗಿವೆ. ಚಿತ್ರಕಾರರು ಸಾಮಾನ್ಯವಾಗಿ ಅಚ್ಚಿನ ಅಳತೆಗಿಂತ ದೊಡ್ಡದಾಗಿ ಚಿತ್ರಿಸುತ್ತಾರೆ. ಅಗ್ಗದ ಮುದ್ರಣದಲ್ಲಿ ಅದು ಕುಗ್ಗಿ, ಶಾಯಿ ಹರಡಿ, ಗೆರೆಗಳು ಒಂದರೊ‌ಳಗೊಂದು ಸೇರಿಹೋಗುತ್ತವೆ. ದೊಡ್ಡ ಪುಟದಲ್ಲಿ ಮರದ ತೊಗಟೆ, ಚಿತೆಯ ಹೊಗೆ, ಶವದ ಜೋತುಬಿದ್ದ ಕೈ, ದೊರೆಯ ಬಿಗಿದ ಹುಬ್ಬು ಬೇರೆ ಬೇರೆಯಾಗಿ ಕಾಣುತ್ತವೆ. ಭಯಾನಕ ಅದ್ಭುತಗಳ ಆಸ್ವಾದನೆಗೆ ಈ ಸೂಕ್ಷ್ಮಗಳೇ ಆಧಾರ. ಭಯವು ಲೋಕದಲ್ಲಿ ದುಃಖಕರವಾದರೂ ಕಾವ್ಯದಲ್ಲಿ ರಸವಾಗುತ್ತದೆಂಬುದು ನಮ್ಮ ಆಲಂಕಾರಿಕರ ಸಿದ್ಧಾಂತ. ಸುರಕ್ಷಿತವಾದ ಸ್ಥಳದಲ್ಲಿ ಕುಳಿತು, ನಿಧಾನವಾಗಿ, ಹಿಂದಿನ ಪುಟಕ್ಕೆ ಮತ್ತೆ ಮರಳುತ್ತ ನೋಡುವ ಅನುಕೂಲವನ್ನು ಸಂಪುಟವು ಒದಗಿಸುತ್ತದೆ. ಬಿಡಿ ಸಂಚಿಕೆಯಲ್ಲಿ ತಿಂಗಳಿಗೊಂದರಂತೆ ಓದಿದ ಧಾರಾವಾಹಿಯ ಒಟ್ಟು ಶಿಲ್ಪವೂ ಆಗ ಗೋಚರವಾಗುತ್ತದೆ. ಬೇತಾಳನು ಮತ್ತೆ ಮತ್ತೆ ಮರಕ್ಕೆ ಹಾರಿಹೋಗುವ ಪುನರಾವೃತ್ತಿಯ ಸೊಗಸು ಇಪ್ಪತ್ತು ಕಥೆಗಳನ್ನು ಒಟ್ಟಿಗೆ ಓದಿದವನಿಗೆ ಮಾತ್ರ ಪೂರ್ಣವಾಗಿ ತಿಳಿಯುತ್ತದೆ.

ಇನ್ನು ನಷ್ಟಗಳನ್ನು ನೋಡೋಣ. ಪುನರ್ಮುದ್ರಿತ ಸಂಪುಟದಲ್ಲಿ ಕಥೆಯಿರುತ್ತದೆ; ಸಂಚಿಕೆಯಿರುವುದಿಲ್ಲ. ಜಾಹೀರಾತು, ಓದುಗರ ಓಲೆ, ಬೆಲೆ, ಸಂಪಾದಕರ ಸೂಚನೆ, ಸ್ಪರ್ಧೆಯ ಪ್ರಕಟಣೆ ಇವೆಲ್ಲ ಬಹುಮಟ್ಟಿಗೆ ಬಿಟ್ಟುಹೋಗುತ್ತವೆ. ಹೊಸದಾಗಿ ಹಾಕಿದ ಬಣ್ಣವು ಹಳೆಯ ಓದುಗನು ಕಂಡ ಬಣ್ಣವಲ್ಲ. ಕಪ್ಪುಬಿಳುಪಿನ ಪ್ರತಿಯಲ್ಲಿ ಕಲಾವಿದನ ಗೆರೆ ಚೆನ್ನಾಗಿ ಕಂಡರೂ, ಅದು ಅಂಗಡಿಯಲ್ಲಿ ಮಾರಾಟವಾದ ರೂಪವಲ್ಲ. ಆದುದರಿಂದ ರಸಿಕನಿಗೆ ಸಂಪುಟವು ಹೆಚ್ಚು ಉಪಯುಕ್ತ, ಇತಿಹಾಸಕಾರನಿಗೆ ಬಿಡಿ ಸಂಚಿಕೆಯು ಹೆಚ್ಚು ಉಪಯುಕ್ತ.

ನಮ್ಮಲ್ಲಿ ಇವೆರಡರ ನಡುವಣ ಒಂದು ಮಾರ್ಗವು ಮೊದಲಿನಿಂದ ಇದ್ದೇ ಇದೆ. ವರ್ಷದ ಹನ್ನೆರಡು ಸಂಚಿಕೆಗಳನ್ನು ಒಟ್ಟುಗೂಡಿಸಿ ಬೈಂಡಿಂಗ್ ಮಾಡುವವರಲ್ಲಿ ರಟ್ಟು ಹಾಕಿಸುವುದೇ ಆ ಮಾರ್ಗ. ಚಂದಮಾಮವನ್ನು ಹೀಗೆ ಕಟ್ಟಿಸಿಟ್ಟ ಓದುಗರು ಅನೇಕರಿದ್ದಾರೆ. ಪ್ರಕಾಶಕನು ದೊಡ್ಡ ಸಂಪುಟ ತರುವ ಮೊದಲೇ ವಾಚಕನು ತನ್ನ ಸಂಪುಟವನ್ನು ತಾನೇ ಮಾಡಿಕೊಂಡನು. ಪತ್ರಿಕೆಯು ೨೦೧೩ರ ಸುಮಾರಿಗೆ ನಿಂತುಹೋದುದರಿಂದ ಇಂಥ ಕಟ್ಟುಗಳಿಗೆ ಈಗ ಮೂಲಸಾಮಗ್ರಿಯ ಬೆಲೆ ಬಂದಿದೆ. ಆದರೆ ಕಟ್ಟುವ ಕ್ರಮದಲ್ಲಿ ದೋಷಗಳುಂಟು. ಅಂಚುಗಳನ್ನು ಸಮ ಮಾಡಲು ಕತ್ತರಿಸುವಾಗ ಚಿತ್ರದ ಅಂಚೂ ಹೋಗುತ್ತದೆ. ದಪ್ಪ ಕಡಿಮೆಯಾಗಲೆಂದು ಜಾಹೀರಾತಿನ ಹಾಳೆಗಳನ್ನೂ ಮುಖಪುಟಗಳನ್ನೂ ಕಿತ್ತುಹಾಕುವುದುಂಟು. ಹುಳು ತಗಲದಂತೆ ಮೈದಾ ಅಂಟಿಗೆ ಮೈಲುತುತ್ತ ಬೆರೆಸುವ ಎಚ್ಚರಿಕೆಯನ್ನು ಎಲ್ಲರೂ ವಹಿಸುವುದಿಲ್ಲ. ಅಗ್ಗದ ಕಾಗದದಲ್ಲಿರುವ ಆಮ್ಲಾಂಶದಿಂದ ಹಾಳೆಗಳು ಹಳದಿಯಾಗಿ ಪುಡಿಯಾಗುವುದಂತೂ ಇದ್ದೇ ಇದೆ. ನಮ್ಮ ಸೀಮೆಯ ಬೇಸಿಗೆಯ ಬಿಸಿಲು ಅದನ್ನು ತ್ವರೆಗೊಳಿಸುತ್ತದೆ.

೮

ಇಷ್ಟರ ಮೇಲೆ ನಾವು ಮಾಡಬೇಕಾದುದೇನು ಎಂಬುದನ್ನು ಹೇಳಿ ಈ ಲೇಖನವನ್ನು ಮುಗಿಸುತ್ತೇವೆ. ನಮ್ಮ ಐದು ಊರುಗಳು ಇಂಥ ಅಧ್ಯಯನಕ್ಕೆ ವಿಶೇಷವಾಗಿ ಅನುಕೂಲವಾಗಿವೆ. ವಾಡಿಯು ೧೮೭೪ರಿಂದ ಸಿಕಂದರಾಬಾದಿನ ಕಡೆಗೆ ಮಾರ್ಗ ಕವಲೊಡೆಯುವ ಜಂಕ್ಷನ್, ಚಿತ್ತಾಪುರ, ಸೇಡಂ ಆ ಮಾರ್ಗದಲ್ಲಿಯೂ ಶಹಾಬಾದ ಮುಂಬಯಿಯ ಮುಖ್ಯ ಮಾರ್ಗದಲ್ಲಿಯೂ ಇವೆ, ಚಿಂಚೋಳಿಗೆ ರೈಲಿಲ್ಲ. ಶಹಾಬಾದ ಮತ್ತು ವಾಡಿಗಳಲ್ಲಿ ಸಿಮೆಂಟಿನ ಕಾರ್ಖಾನೆಗಳಿಂದಾಗಿ ನಾನಾ ಭಾಷೆಯ ಕುಟುಂಬಗಳು ನೆಲಸಿದವು. ಸೇಡಂ, ಚಿಂಚೋಳಿಗಳಲ್ಲಿ ತೆಲುಗು ನೆರೆಯ ಭಾಷೆ. ಉರ್ದೂ ಎಲ್ಲ ಕಡೆಯಲ್ಲಿಯೂ ಇದೆ. ಒಂದೇ ಬೇತಾಳ ಕಥೆ, ಒಂದೇ ಚಿತ್ರ, ಆದರೆ ಕನ್ನಡ ಮತ್ತು ತೆಲುಗು ಆವೃತ್ತಿಗಳಲ್ಲಿ ಬೇರೆ ಬೇರೆ ಮಾತು. ಇವೆರಡನ್ನೂ ಎದುರುಬದುರಾಗಿಟ್ಟು ಪರಿಶೀಲಿಸುವ ಕಾರ್ಯವನ್ನು ಇಲ್ಲಿಯ ದ್ವಿಭಾಷಿಕ ವಿದ್ಯಾರ್ಥಿಗಳಿಗಿಂತ ಚೆನ್ನಾಗಿ ಯಾರು ಮಾಡಬಲ್ಲರು? ರೈಲು ಮುಟ್ಟಿದ ಊರಿಗೂ ಮುಟ್ಟದ ಊರಿಗೂ ಪತ್ರಿಕೆ ಬಂದ ಬಗೆಯಲ್ಲಿ ವ್ಯತ್ಯಾಸವಿತ್ತೇ ಎಂಬುದೂ ವಿಚಾರಿಸಿ ತಿಳಿಯಬಹುದಾದ ವಿಷಯವೇ ಆಗಿದೆ.

ಮೊದಲನೆಯದಾಗಿ, ಐದು ಊರುಗಳ ಮಹಾವಿದ್ಯಾಲಯಗಳು ಕೂಡಿ ತಮ್ಮ ಗ್ರಂಥಾಲಯಗಳಲ್ಲಿಯೂ ಒಪ್ಪಿಗೆ ಕೊಟ್ಟ ಮನೆಗಳಲ್ಲಿಯೂ ಇರುವ ಚಿತ್ರಕಥಾ ಪತ್ರಿಕೆಗಳ ಒಂದು ಪಟ್ಟಿಯನ್ನು ಸಿದ್ಧಪಡಿಸಬೇಕು. ಪಟ್ಟಿಯಲ್ಲಿ ಭಾಷೆ, ತಿಂಗಳು, ವರ್ಷ, ಬೆಲೆ, ಮುಖಪುಟವಿದೆಯೇ, ಜಾಹೀರಾತುಗಳಿವೆಯೇ, ಅಂಗಡಿಯ ಅಥವಾ ವಾಚನಾಲಯದ ಮುದ್ರೆಯಿದೆಯೇ ಎಂಬ ವಿವರಗಳಿರಬೇಕು. ಎರಡನೆಯದಾಗಿ, ರಟ್ಟು ಹಾಕಿಸುವಾಗ ಅಂಚು ಕತ್ತರಿಸದೆ, ಯಾವ ಹಾಳೆಯನ್ನೂ ತೆಗೆಯದೆ, ದಾರದಿಂದ ಹೊಲಿಸಬೇಕು. ತೀರ ಶಿಥಿಲವಾದವನ್ನು ಕಟ್ಟಿಸದೆ ಪೆಟ್ಟಿಗೆಯಲ್ಲಿಟ್ಟು ಛಾಯಾಪ್ರತಿ ಮಾಡಿಸುವುದು ಲೇಸು. ಮೂರನೆಯದಾಗಿ, ಗ್ರಂಥಾಲಯಕ್ಕೆ ಹೊಸ ದೊಡ್ಡ ಸಂಪುಟಗಳು ಬಂದಾಗ ಹಳೆಯ ಸಂಚಿಕೆಗಳನ್ನು ತೂಕಕ್ಕೆ ಹಾಕುವ ಪದ್ಧತಿಯು ನಿಲ್ಲಬೇಕು. ಒಂದು ಇನ್ನೊಂದಕ್ಕೆ ಬದಲಾಗದೆಂಬುದನ್ನು ಮೇಲೆ ತೋರಿಸಿದ್ದೇವೆ. ನಾಲ್ಕನೆಯದಾಗಿ, ಹೀಗೆ ಕೂಡಿಸಿದುದನ್ನು ಬೀಗದೊಳಗಿಡದೆ ವಿದ್ಯಾರ್ಥಿಗಳಿಗೆ ಓದಲು ಕೊಡಬೇಕು. ಮಳಖೇಡದ ಕೋಟೆಗೂ ಕನಗನಹಳ್ಳಿಯ ಸ್ತೂಪಕ್ಕೂ ಅವರನ್ನು ಕರೆದೊಯ್ಯುವ ಅಧ್ಯಾಪಕನು ಅದೇ ವಾರದಲ್ಲಿ ಶಂಕರ್ ಅವರ ಬೇತಾಳನ ಪುಟವೊಂದನ್ನು ಅವರ ಮುಂದಿಟ್ಟರೆ, ಚಿತ್ರವನ್ನು ಆಧಾರಸಾಮಗ್ರಿಯಾಗಿ ಓದುವುದು ಹೇಗೆಂಬುದನ್ನು ಅವರು ಬೇಗ ಕಲಿಯುತ್ತಾರೆ.

ಈ ಕಾರ್ಯಕ್ಕೆ ದೊಡ್ಡ ದ್ರವ್ಯವೇನೂ ಬೇಕಾಗಿಲ್ಲ. ಬೇಕಾದುದು ಮುಖ್ಯವಾಗಿ ಈ ಸಾಹಿತ್ಯವು ಕೀಳೆಂಬ ಭಾವನೆಯನ್ನು ಬಿಡುವುದು, ಮತ್ತು ಅದನ್ನು ತಡಮಾಡದೆ ಬಿಡುವುದು. ಸಾತವಾಹನ ದೊರೆಯು ತನ್ನ ತಪ್ಪನ್ನು ತಿದ್ದಿಕೊಂಡು ಕಾಡಿಗೆ ಹೋದದ್ದು ನಿಜ. ಆದರೆ ಅವನ ಪಾಲಿಗೆ ಉಳಿದಿದ್ದುದು ಏಳರಲ್ಲಿ ಒಂದು ಪಾಲು. ೧೯೫೦ ಮತ್ತು ೧೯೬೦ರ ದಶಕಗಳ ಸಂಚಿಕೆಗಳು ನಮ್ಮ ಊರುಗಳಲ್ಲಿ ಎಷ್ಟು ಪಾಲು ಉಳಿದಿವೆಯೆಂಬುದನ್ನು ಮುಂದಿನ ಬೇಸಿಗೆಯ ರಜೆಯಲ್ಲಿಯೇ ಎಣಿಸಲು ಆರಂಭಿಸಬೇಕೆಂದು ನಮ್ಮ ಸಹೋದ್ಯೋಗಿಗಳಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ನಾವು ವಿಜ್ಞಾಪಿಸಿಕೊಳ್ಳುತ್ತೇವೆ.